ಕ್ಯಾಮೆರಾಗೆ ದುಡ್ಡು ಕೊಟ್ಟವರು ಯಾರು?

ನಮ್ಮ ಮನೆಗಳಲ್ಲಿ ಈಚೆಗೆ ಒಂದು ಹೊಸ ಉದ್ಯೋಗ ಕಾಣಿಸಿಕೊಂಡಿದೆ. ಮೊದಲೆಲ್ಲ ಗಲ್ಫಿಗೆ ಹೊರಟ ಹುಡುಗ ಅಂದರೆ ಸೇಲ್ಸ್‌ಮನ್, ಡ್ರೈವರ್, ಎಲೆಕ್ಟ್ರಿಷಿಯನ್. ಹೆಚ್ಚು ಓದಿದ್ದರೆ ಅಕೌಂಟೆಂಟ್ ಇಲ್ಲವೇ ಇಂಜಿನಿಯರ್. ಈಗ ಹುಡುಗರ ಬ್ಯಾಗಿನಲ್ಲಿ ಕ್ಯಾಮೆರಾ, ಡ್ರೋನ್, ಎಡಿಟಿಂಗ್‌ಗೆ ಲ್ಯಾಪ್‌ಟಾಪ್. ಊರಿನ ಮದುವೆ, ಅಂಡರ್‌ಆರ್ಮ್ ಕ್ರಿಕೆಟ್ ಟೂರ್ನಮೆಂಟ್, ಕಬಡ್ಡಿ ಪಂದ್ಯಗಳಲ್ಲಿ ಕೈ ಪಳಗಿಸಿಕೊಂಡವರು ದುಬೈ, ದೋಹಾ, ರಿಯಾದ್‌ನ ಈವೆಂಟ್ ಕಂಪನಿಗಳಿಗೆ ಹೋಗುತ್ತಿದ್ದಾರೆ. ಅವರಿಗೆ ಮುಂದಿನ ಹತ್ತು ವರ್ಷ ಕೆಲಸಕ್ಕೆ ಬರ ಇಲ್ಲ. 2034ರ ಫುಟ್‌ಬಾಲ್ ವಿಶ್ವಕಪ್ ಸೌದಿ ಅರೇಬಿಯಾಕ್ಕೆ ಎಂದು ಫಿಫಾ 2024ರ ಡಿಸೆಂಬರ್ 11ರಂದು ಘೋಷಿಸಿದೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿನಲ್ಲಿ. 2036ರ ಒಲಿಂಪಿಕ್ಸ್ ನಮ್ಮ ದೇಶದಲ್ಲಿ ಆಗಲಿ ಎಂದು ಭಾರತ ತನ್ನ ಇಚ್ಛೆಯ ಪತ್ರವನ್ನು 2024ರ ಅಕ್ಟೋಬರ್‌ನಲ್ಲೇ ಕೊಟ್ಟಾಗಿದೆ.

ಇಂಥ ಕೆಲಸದಲ್ಲಿರುವ ನಮ್ಮ ಸಂಬಂಧಿಕರ ಹುಡುಗನೊಬ್ಬ ಫೋನಿನಲ್ಲಿ ಹೇಳಿದ: "ಕಾಕ, ನಾವು ಟೆಕ್ನಿಕಲ್ ಜನ. ಶಾಟ್ ಚೆಂದ ಬರಬೇಕು, ಅಷ್ಟೇ. ಯಾರು ದುಡ್ಡು ಹಾಕಿದರು, ಯಾಕೆ ಹಾಕಿದರು ಅಂತ ಕೇಳ್ತಾ ಕೂತರೆ ನಾಳೆ ಇನ್ನೊಬ್ಬನನ್ನು ಕರೀತಾರೆ." ಅವನ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಇದೇ ಮಾತನ್ನು ಲೇನಿ ರೀಫನ್‌ಸ್ಟಾಲ್ ಎಂಬ ಜರ್ಮನ್ ಹೆಂಗಸು ಐವತ್ತು ವರ್ಷಕ್ಕೂ ಹೆಚ್ಚು ಕಾಲ, 2003ರಲ್ಲಿ ತನ್ನ 101ನೇ ವಯಸ್ಸಿನಲ್ಲಿ ಸಾಯುವ ತನಕ, ಕೇಳಿದವರಿಗೆಲ್ಲ ಹೇಳುತ್ತಾ ಬಂದಳು. ನಾನು ಮಾಡಿದ್ದು ಕಲೆ, ರಾಜಕೀಯ ನನಗೆ ಗೊತ್ತಿರಲಿಲ್ಲ ಎಂದು. ಆಕೆಯ ಸಿನಿಮಾವನ್ನು ನಮ್ಮ ಹುಡುಗರು ಒಮ್ಮೆ ನೋಡಬೇಕು, ಅದರ ಜೊತೆಗೆ ಅದರೊಳಗೆ ಇಲ್ಲದ್ದು ಏನು ಎಂಬುದನ್ನೂ ತಿಳಿದುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಮಕ್ಕಳಿಗೆ ಹಿಟ್ಲರನ ಕಾಲದ ಸಿನಿಮಾ ಯಾಕೆ ತೋರಿಸುತ್ತೀರಿ ಎಂದು ಕೇಳಿದವರಿದ್ದಾರೆ. ಅವರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ಮೊದಲು ನಾನಿರುವ ಊರಿನ ಬಗ್ಗೆ ಎರಡು ಮಾತು. ಮುಂದಿನ ವಿಷಯಕ್ಕೆ ಅದು ಬೇಕು. ವ್ಯಾಪಾರದ ಕಾರಣಕ್ಕೆ ಕರಾವಳಿ ಬಿಟ್ಟು ರಾಯದುರ್ಗಕ್ಕೆ ಬಂದು ಬಹಳ ವರ್ಷವಾಯಿತು. ಇದು ಜೀನ್ಸ್ ಹೊಲಿಯುವ ಊರು. ಜಿಪ್, ಬಟನ್, ದಾರ ತರಿಸಿ ಹೊಲಿಗೆ ಘಟಕಗಳಿಗೆ ಕೊಡುವುದು ನನ್ನ ಕೆಲಸ. ಅದೇ ಕೆಲಸಕ್ಕೆ ಮಡಕಶಿರ ಕಡೆಗೂ ಹೋಗಿ ಬರುತ್ತೇನೆ. ರಾಯದುರ್ಗ 1953ರ ತನಕ ಬಳ್ಳಾರಿ ಜಿಲ್ಲೆಯಲ್ಲಿತ್ತು; ಆ ವರ್ಷದ ಅಕ್ಟೋಬರ್ 1ಕ್ಕೆ ಆದೋನಿ, ಆಲೂರು ತಾಲ್ಲೂಕುಗಳ ಜೊತೆ ಆಂಧ್ರಕ್ಕೆ ಹೋಯಿತು. ಮಡಕಶಿರ ಅನಂತಪುರ ಜಿಲ್ಲೆಯದೇ ಆಗಿತ್ತು, 2022ರಲ್ಲಿ ಹೊಸದಾಗಿ ಮಾಡಿದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಎರಡೂ ಕಡೆ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು ಎನ್ನುವ ಕುಟುಂಬಗಳು ಬೇಕಾದಷ್ಟು ಇವೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನನಗೆ ಇದು ಹೊಸದೇನೂ ಅನ್ನಿಸಲಿಲ್ಲ. ಮಳೆ ಕಡಿಮೆ, ಶೇಂಗಾ ನಂಬಿದವರಿಗೆ ಸಾಲ ಹೆಚ್ಚು. ಹಾಗಾಗಿ ಈ ಊರುಗಳ ಗಂಡಸರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ, ಕೆಲವರು ಏಜೆಂಟನಿಗೆ ದುಡ್ಡು ಕಟ್ಟಿ ಗಲ್ಫಿಗೂ ಹೋಗುತ್ತಾರೆ. ಕರಾವಳಿಯ ನಮಗೆ ಗಲ್ಫ್ ಅಂದರೆ ಅಂಗಡಿ, ಆಫೀಸು, ಹೋಟೆಲು, ಇಷ್ಟಿಷ್ಟೇ ಏರಿದ ಮೆಟ್ಟಿಲು. ಇವರಿಗೆ ಅದು ಬಿಸಿಲಿನಲ್ಲಿ ಮಣ್ಣು ತೋಡುವ ಕೆಲಸ.

ಇನ್ನು ಸಿನಿಮಾ. ಹೆಸರು 'ಒಲಿಂಪಿಯಾ'. 1936ರ ಆಗಸ್ಟ್‌ನಲ್ಲಿ ಬರ್ಲಿನ್ನಿನಲ್ಲಿ ನಡೆದ ಒಲಿಂಪಿಕ್ಸ್‌ನ ಸಾಕ್ಷ್ಯಚಿತ್ರ ಅದು. ಎರಡು ಭಾಗ. ಸುಮಾರು 4 ಲಕ್ಷ ಮೀಟರ್ ಫಿಲ್ಮ್ ಓಡಿಸಿದರು. ಹಾಸಿದರೆ ಹೆಚ್ಚುಕಡಿಮೆ ಮಂಗಳೂರಿನಿಂದ ರಾಯದುರ್ಗದ ತನಕ ಬರುತ್ತದೆ. ಅದನ್ನು ಕತ್ತರಿಸಿ ಜೋಡಿಸಲು ಒಂದೂವರೆ ವರ್ಷಕ್ಕೂ ಹೆಚ್ಚು ಹಿಡಿಯಿತು. ಬಿಡುಗಡೆಯಾದದ್ದು 1938ರ ಏಪ್ರಿಲ್ 20ಕ್ಕೆ, ಅಂದರೆ ಹಿಟ್ಲರನ ಹುಟ್ಟುಹಬ್ಬದ ದಿನ. ಇವತ್ತು ಟಿವಿಯಲ್ಲಿ ನೀವು ನೋಡುವ ಆಟದ ಚಿತ್ರೀಕರಣದ ಬಹುಪಾಲು ವಿದ್ಯೆ ಅದರಲ್ಲಿದೆ. ಜಿಗಿಯುವವನನ್ನು ಆಕಾಶದ ಹಿನ್ನೆಲೆಯಲ್ಲಿ ತೋರಿಸಲು ಮೈದಾನದಲ್ಲಿ ಗುಂಡಿ ತೋಡಿ ಕ್ಯಾಮೆರಾ ಇಟ್ಟರು. ಓಟಗಾರರ ಪಕ್ಕದಲ್ಲಿ ಹಳಿ ಹಾಕಿ ಕ್ಯಾಮೆರಾ ಓಡಿಸಿದರು. ಬಲೂನಿಗೆ ಕಟ್ಟಿ ಮೇಲೆ ಬಿಟ್ಟರು. ಹಾನ್ಸ್ ಎರ್ಟ್ಲ್ ಎಂಬ ಕ್ಯಾಮೆರಾಮನ್ ಈಜುಕೊಳದಲ್ಲಿ ಡೈವಿಂಗ್ ಮಾಡುವವರ ಜೊತೆ ತಾನೂ ನೀರಿನೊಳಗೆ ಹೋಗುವಂತೆ ಕ್ಯಾಮೆರಾ ಸಿದ್ಧ ಮಾಡಿಕೊಂಡ. ಎರಡನೇ ಭಾಗದ ಕೊನೆಗೆ ಬರುವ ಆ ಡೈವಿಂಗ್ ದೃಶ್ಯ ನೋಡಿದರೆ, ಮನುಷ್ಯರು ನೀರಿಗೆ ಬೀಳುತ್ತಿದ್ದಾರೋ ಹಕ್ಕಿಗಳಂತೆ ಹಾರುತ್ತಿದ್ದಾರೋ ಗೊತ್ತಾಗುವುದಿಲ್ಲ. ಇಷ್ಟು ಚೆಂದದ ಚಿತ್ರವನ್ನು ಚೆಂದ ಇಲ್ಲ ಎಂದು ಹೇಳುವುದು ಮೂರ್ಖತನ.

ಪ್ರಚಾರ ಚಿತ್ರ ಅಂದರೆ ಸುಳ್ಳು ತುಂಬಿದ ಚಿತ್ರ ಎಂದು ನಾವು ಅಂದುಕೊಂಡಿದ್ದೇವೆ. 'ಒಲಿಂಪಿಯಾ'ದಲ್ಲಿ ಹುಡುಕಿದರೆ ಅಂಥ ದೊಡ್ಡ ಸುಳ್ಳು ಸಿಗುವುದಿಲ್ಲ. ಅಮೆರಿಕದ ಕಪ್ಪು ಓಟಗಾರ ಜೆಸ್ಸಿ ಓವನ್ಸ್ ನಾಲ್ಕು ಚಿನ್ನ ಗೆದ್ದದ್ದು ನಿಜ, ಸಿನಿಮಾ ಅವನನ್ನು ಮನಸ್ಸು ತುಂಬಿ ತೋರಿಸುತ್ತದೆ. ಉದ್ದಜಿಗಿತದಲ್ಲಿ ಅವನು 8.06 ಮೀಟರ್ ಹಾರಿ ಜರ್ಮನಿಯ ಲುಟ್ಸ್ ಲಾಂಗ್‌ನನ್ನು ಸೋಲಿಸಿದ್ದೂ ಇದೆ. ಆಕೆಯ ಪರ ವಾದಿಸುವವರು ಇದನ್ನೇ ಎತ್ತಿ ಹಿಡಿಯುತ್ತಾರೆ: ಕಪ್ಪು ಮನುಷ್ಯನನ್ನು ಇಷ್ಟು ಗೌರವದಿಂದ ತೋರಿಸಿದ ಮೇಲೆ ಇದು ನಾಜಿಗಳ ಚಿತ್ರ ಹೇಗಾಗುತ್ತದೆ? ನನಗೆ ಕಾಣುವುದು ಇದರ ಉಲ್ಟಾ. ಓವನ್ಸ್ ಇದ್ದದ್ದರಿಂದಲೇ ಜಗತ್ತು ಆ ಚಿತ್ರವನ್ನು ನಂಬಿತು. ನೋಡಿ, ನಮ್ಮಲ್ಲಿ ಎಲ್ಲರಿಗೂ ಜಾಗ ಇದೆ, ನಮ್ಮ ಜನ ಗೆದ್ದವನಿಗೆ ಚಪ್ಪಾಳೆ ತಟ್ಟುತ್ತಾರೆ, ನಮ್ಮ ಬಗ್ಗೆ ಪತ್ರಿಕೆಗಳು ಬರೆಯುವುದೆಲ್ಲ ಹೊಟ್ಟೆಕಿಚ್ಚು ಎಂದು ಹೇಳಲು ಆ ಸರ್ಕಾರಕ್ಕೆ ಬೇಕಾಗಿದ್ದದ್ದು ಇಂಥ ನಿಜವಾದ ದೃಶ್ಯಗಳೇ. ಸುಳ್ಳು ಹೇಳಿದ್ದರೆ ಯಾರಾದರೂ ಹಿಡಿಯುತ್ತಿದ್ದರು.

ಹಾಗಾದರೆ ಮೋಸ ಎಲ್ಲಿತ್ತು? ಕ್ಯಾಮೆರಾ ಹೋಗದ ಕಡೆ. ಉದ್ಘಾಟನೆ ಆಗಸ್ಟ್ 1ಕ್ಕೆ. ಅದಕ್ಕೆ ಎರಡು ವಾರ ಮೊದಲು, ಜುಲೈ 16ರಂದು, ಬರ್ಲಿನ್ ಪೊಲೀಸರು ನಗರದ ಸುಮಾರು 600 ರೋಮಾ ಜನರನ್ನು, ನಾವು ಜಿಪ್ಸಿಗಳು ಎನ್ನುತ್ತೇವಲ್ಲ ಅವರನ್ನು, ಹಿಡಿದು ಮಾರ್‌ತ್ಸಾನ್ ಎಂಬಲ್ಲಿನ ಶಿಬಿರಕ್ಕೆ ತುಂಬಿದರು. ಅತಿಥಿಗಳು ಬರುವಾಗ ಬೀದಿ ಚೆಂದ ಕಾಣಬೇಕಿತ್ತು. ಯಹೂದಿಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡುಗಳನ್ನು ಆಟ ಮುಗಿಯುವ ತನಕ ತೆಗೆಸಿದರು. ಬರ್ಲಿನ್ನಿನಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿ ಅದೇ ಬೇಸಿಗೆಯಲ್ಲಿ ಸಾಕ್ಸನ್‌ಹೌಸನ್ ಸೆರೆಶಿಬಿರ ಕಟ್ಟುತ್ತಿದ್ದರು. ಗ್ರೆಟೆಲ್ ಬೆರ್ಗ್‌ಮನ್ ಎಂಬ ಯಹೂದಿ ಹುಡುಗಿ ಆ ಜೂನ್‌ನಲ್ಲಿ ಎತ್ತರ ಜಿಗಿತದಲ್ಲಿ 1.60 ಮೀಟರ್ ಹಾರಿ ಜರ್ಮನಿಯ ದಾಖಲೆಯನ್ನು ಸರಿಗಟ್ಟಿದ್ದಳು. ಅಮೆರಿಕದ ತಂಡ ಹಡಗು ಹತ್ತಿ ಹೊರಟ ಮೇಲೆ, ಇನ್ನು ಅವರು ಬಹಿಷ್ಕಾರ ಹಾಕುವುದಿಲ್ಲ ಎಂದು ಖಾತ್ರಿಯಾದ ಮೇಲೆ, ನಿನಗೆ ಸ್ಥಾನವಿಲ್ಲ ಎಂದು ಅವಳಿಗೆ ಪತ್ರ ಬಂತು. ಒಲಿಂಪಿಕ್ಸ್‌ನಲ್ಲಿ ಮೊದಲ ಮೂವರು ಹಾರಿದ್ದು ಅದೇ 1.60, ಆಮೇಲೆ ನಿರ್ಧಾರದ ಜಿಗಿತದಲ್ಲಿ ಚಿನ್ನ ಗೆದ್ದವಳು ಹಂಗೇರಿಯ ಇಬೋಯಾ ಚಾಕ್, ಆಕೆಯೂ ಯಹೂದಿ. ಬೆರ್ಗ್‌ಮನ್ ಯಾವ ಫ್ರೇಮಿನಲ್ಲೂ ಇಲ್ಲ. ಇಲ್ಲದವಳನ್ನು ತೋರಿಸಲಿಲ್ಲ ಎಂದು ಕ್ಯಾಮೆರಾಮನ್ ಮೇಲೆ ತಪ್ಪು ಹೊರಿಸಲು ಬರುತ್ತದೆಯೇ? ಬರುವುದಿಲ್ಲ. ಈ ವಿದ್ಯೆಯ ಜಾಣತನವೇ ಅದು. ಆಟಕ್ಕೆ ಯಾರು ಬರಬೇಕೆಂದು ಮೊದಲೇ ತೀರ್ಮಾನ ಮಾಡಿಬಿಟ್ಟರೆ, ಆಮೇಲೆ ಕ್ಯಾಮೆರಾ ಎಷ್ಟೇ ಪ್ರಾಮಾಣಿಕವಾಗಿದ್ದರೂ ಪರವಾಗಿಲ್ಲ.

ದುಡ್ಡಿನ ಲೆಕ್ಕವೂ ಹಾಗೆಯೇ ಮುಚ್ಚಿಟ್ಟದ್ದು. ಚಿತ್ರಕ್ಕೆಂದೇ 'ಒಲಿಂಪಿಯಾ ಫಿಲ್ಮ್' ಎಂಬ ಕಂಪನಿ ಹುಟ್ಟಿಸಿದರು. ಕಾಗದದ ಮೇಲೆ ಅದು ಖಾಸಗಿ. 15 ಲಕ್ಷ ಮಾರ್ಕ್ ಬಂದದ್ದು ಗೊಬೆಲ್ಸ್‌ನ ಪ್ರಚಾರ ಖಾತೆಯಿಂದ. ಸರ್ಕಾರ ಸಿನಿಮಾ ತೆಗೆಸಿತು ಎಂದು ಹೊರಗೆ ಗೊತ್ತಾಗಬಾರದಿತ್ತು. ರೀಫನ್‌ಸ್ಟಾಲ್ ಯುದ್ಧದ ನಂತರ ಇದು ತನ್ನ ಸ್ವತಂತ್ರ ಚಿತ್ರ ಎಂದೇ ಹೇಳಿಕೊಂಡಳು, ಕಡತಗಳು ಬೇರೆ ಹೇಳಿದವು. 1938ರಲ್ಲಿ ಚಿತ್ರಕ್ಕೆ ವೆನಿಸ್‌ನಲ್ಲಿ ಮುಸೊಲಿನಿಯ ಹೆಸರಿನ ಪ್ರಶಸ್ತಿ ಬಂತು. ಅದೇ ನವೆಂಬರ್‌ನಲ್ಲಿ ಅದನ್ನು ಹಿಡಿದುಕೊಂಡು ಆಕೆ ಅಮೆರಿಕಕ್ಕೆ ಹೋದಾಗಲೇ ಜರ್ಮನಿಯಲ್ಲಿ ಒಂದೇ ರಾತ್ರಿ ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತು, ಹಾಲಿವುಡ್ಡಿನ ಬಾಗಿಲು ಮುಚ್ಚಿತು. ಮುಂದೆ 'ಟೀಫ್‌ಲಾಂಡ್' ಎಂಬ ಕಥಾಚಿತ್ರಕ್ಕೆ ಜನ ಬೇಕಾದಾಗ ಆಕೆ ಶಿಬಿರಗಳಲ್ಲಿದ್ದ ರೋಮಾ ಜನರನ್ನು ಕರೆಸಿಕೊಂಡಳು. ಅದರಲ್ಲಿ ಒಂದು ಶಿಬಿರ ಯಾವುದು ಗೊತ್ತೇ? ಒಲಿಂಪಿಕ್ಸ್‌ಗಾಗಿ ಬೀದಿ ಗುಡಿಸಿದಾಗ ಮಾಡಿದ ಅದೇ ಮಾರ್‌ತ್ಸಾನ್. ಆ ಜನರಲ್ಲಿ ಅನೇಕರನ್ನು ಆಮೇಲೆ ಆಶ್‌ವಿಟ್ಸ್‌ಗೆ ಸಾಗಿಸಿದರು. ರಾಜಕೀಯ ಗೊತ್ತಿರಲಿಲ್ಲ ಎಂಬ ಮಾತನ್ನು ನಾನು ನಂಬದಿರುವುದು ಇದಕ್ಕೇ.

ಒಲಿಂಪಿಕ್ ಜ್ಯೋತಿಯ ಓಟದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಗ್ರೀಸಿನಿಂದ ಜ್ಯೋತಿ ಹೊತ್ತು ತರುವುದು ಪುರಾತನ ಸಂಪ್ರದಾಯ ಎಂದು ನಮ್ಮ ಪಠ್ಯಪುಸ್ತಕ ಓದಿದವರೆಲ್ಲ ಅಂದುಕೊಂಡಿರುತ್ತಾರೆ. ಅದು ಶುರುವಾದದ್ದೇ 1936ರಲ್ಲಿ, ಬರ್ಲಿನ್ನಿನ ಸಂಘಟಕ ಕಾರ್ಲ್ ಡೀಮ್‌ನ ಯೋಜನೆಯಿಂದ. ಗ್ರೀಸ್, ಬಲ್ಗೇರಿಯಾ, ಯುಗೋಸ್ಲಾವಿಯಾ, ಹಂಗೇರಿ, ಆಸ್ಟ್ರಿಯಾ, ಚೆಕೊಸ್ಲೊವಾಕಿಯಾ ದಾಟಿ ಜ್ಯೋತಿ ಬಂತು. ಒಂಬತ್ತು ವರ್ಷ ಕಳೆಯುವುದರೊಳಗೆ ಈ ಅಷ್ಟೂ ದೇಶಗಳಿಗೆ ಜರ್ಮನ್ ಸೈನ್ಯ ಕಾಲಿಟ್ಟಿತ್ತು. ನಾವು ಇವತ್ತಿಗೂ ಜ್ಯೋತಿ ನೋಡಿ ಕೈತಟ್ಟುತ್ತೇವೆ.

ಒಂದು ಭಾನುವಾರ ಇಲ್ಲಿನ ಹೊಲಿಗೆ ಘಟಕದ ನಾಲ್ಕೈದು ಹುಡುಗರನ್ನು ಕೂರಿಸಿ ಈ ಸಿನಿಮಾದ ತುಣುಕುಗಳನ್ನು ತೋರಿಸಿದೆ. ಅವರೂ ರೀಲ್ಸ್ ಮಾಡುವವರೇ. ಡೈವಿಂಗ್ ಬಂದಾಗ ಎಲ್ಲರ ಬಾಯಿ ತೆರೆದದ್ದು ಹಾಗೇ ಇತ್ತು. ಗುಂಡಿ ತೋಡಿ ಕ್ಯಾಮೆರಾ ಇಟ್ಟ ವಿಷಯ ಹೇಳಿದಾಗ ಮಡಕಶಿರ ಕಡೆಯ ಹುಡುಗ ಕೇಳಿದ: "ಆ ಗುಂಡಿ ತೋಡ್ದೋರು ಯಾರ್ ರೀ?" ನಾನು ಎಷ್ಟೋ ಸಲ ಆ ದೃಶ್ಯ ನೋಡಿದ್ದೇನೆ, ಇಂಥ ಪ್ರಶ್ನೆ ಹೊಳೆದಿರಲಿಲ್ಲ. ಅವನಿಗೆ ಹೊಳೆಯಲು ಕಾರಣ ಇದೆ. ಅವನ ಅಪ್ಪ ಕತಾರ್‌ನಲ್ಲಿ ನಾಲ್ಕು ವರ್ಷ ಪೈಪ್‌ಲೈನಿಗೆ ಮಣ್ಣು ತೋಡಿ ಬಂದವರು.

ಮ್ಯಾರಥಾನ್ ದೃಶ್ಯದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹುಡುಗರು ಅದನ್ನು ಎರಡು ಸಲ ಹಾಕಿಸಿಕೊಂಡರು. ಓಟಗಾರನ ಕಣ್ಣಿನಿಂದಲೇ ಕಾಣುವಂತೆ ಕಾಲು, ನೆರಳು, ರಸ್ತೆ. ಬೆವರಿನ ಭಾರ ನೋಡುವವರಿಗೂ ತಟ್ಟುತ್ತದೆ. ಅದರಲ್ಲಿ ಕೆಲವು ಹತ್ತಿರದ ದೃಶ್ಯಗಳನ್ನು ತೆಗೆದದ್ದು ನಿಜವಾದ ಓಟದ ದಿನವಲ್ಲ, ಅಭ್ಯಾಸದ ಸಮಯದಲ್ಲಿ. ಅದು ಹೋಗಲಿ. ಪೋಲ್‌ವಾಲ್ಟ್ ಫೈನಲ್ ಕತ್ತಲಲ್ಲಿ ಮುಗಿದದ್ದರಿಂದ ಆಟಗಾರರನ್ನು ಮತ್ತೆ ಕರೆಸಿ ದೀಪ ಹಾಕಿ ಹಾರಿಸಿದ್ದೂ ಉಂಟು. ಇಂಥದ್ದನ್ನು ನಮ್ಮ ಹುಡುಗರು ಮದುವೆಯಲ್ಲಿ ದಿನಾ ಮಾಡುತ್ತಾರೆ, ಅದನ್ನು ನಾನು ಮೋಸ ಎನ್ನುವುದಿಲ್ಲ. ಮ್ಯಾರಥಾನ್ ಗೆದ್ದವನ ಹೆಸರು ಚಿತ್ರದಲ್ಲಿ ಜಪಾನಿನ ಕಿತೆಯ್ ಸೊನ್. 2 ಗಂಟೆ 29 ನಿಮಿಷ 19 ಸೆಕೆಂಡಿನ ಓಟ. ಆದರೆ ಅವನು ಜಪಾನಿನವನಲ್ಲ, ಹೆಸರೂ ಅದಲ್ಲ. ಜಪಾನ್ ನುಂಗಿದ್ದ ಕೊರಿಯಾದ ಸೊನ್ ಕೀ ಚುಂಗ್ ಅವನು. ಪದಕದ ವೇದಿಕೆಯಲ್ಲಿ ಜಪಾನಿನ ರಾಷ್ಟ್ರಗೀತೆ ನುಡಿಸುವಾಗ ತಲೆ ತಗ್ಗಿಸಿ ನಿಂತ, ಕೈಯಲ್ಲಿದ್ದ ಓಕ್ ಸಸಿಯಿಂದ ಎದೆಯ ಮೇಲಿನ ಜಪಾನಿ ಬಾವುಟವನ್ನು ಮರೆ ಮಾಡಿಕೊಂಡ. ಸೋಲಿನ ಮುಖ ಅಲ್ಲ, ಗೆದ್ದವನ ಮುಖ ಅದು.

ಆ ಫೋಟೊ ಸೋಲ್‌ನ 'ಡೋಂಗ್-ಎ ಇಲ್ಬೊ' ಪತ್ರಿಕೆಗೆ ತಲುಪಿದಾಗ ಅಲ್ಲಿನವರು ಎದೆಯ ಬಾವುಟವನ್ನು ಅಳಿಸಿ ಆಗಸ್ಟ್ 25ರಂದು ಅಚ್ಚು ಹಾಕಿದರು. ಪತ್ರಕರ್ತರನ್ನು ಹಿಡಿದು ಒಳಗೆ ಹಾಕಿದರು, ಪತ್ರಿಕೆ ತಿಂಗಳುಗಟ್ಟಲೆ ಬಂದ್ ಆಯಿತು. ಈಗ ನೀವೇ ಹೇಳಿ: ಬಾವುಟ ಇದ್ದ ಫೋಟೊ ಯಾರೂ ಮುಟ್ಟದ, ಕ್ಯಾಮೆರಾ ಕಂಡಂತೆಯೇ ಇದ್ದ ಫೋಟೊ. ಬಾವುಟ ಅಳಿಸಿದ್ದು ತಿದ್ದಿದ ಫೋಟೊ. ಯಾವುದು ಸತ್ಯಕ್ಕೆ ಹತ್ತಿರ? ಹುಡುಗರಿಗೆ ಉತ್ತರಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. ಮನೆಯ ಭಾಷೆ ಒಂದು, ಕಾಗದದ ಮೇಲಿನ ರಾಜ್ಯ ಇನ್ನೊಂದು ಆಗಿರುವ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. (ಹೋಲಿಕೆಯನ್ನು ಎಳೆಯಬೇಡಿ, ಕೊರಿಯಾದವರ ಕಷ್ಟ ಬೇರೆ, ಗಡಿನಾಡ ಕನ್ನಡಿಗರದು ಬೇರೆ.) 1988ರಲ್ಲಿ ಸೋಲ್‌ನಲ್ಲಿ ಒಲಿಂಪಿಕ್ಸ್ ನಡೆದಾಗ ಜ್ಯೋತಿ ಹಿಡಿದು ಕ್ರೀಡಾಂಗಣಕ್ಕೆ ಬಂದ ಮುದುಕ ಇದೇ ಸೊನ್.

ನಮ್ಮವರೂ ಆ ಸಿನಿಮಾದಲ್ಲಿದ್ದಾರೆ. ಎರಡನೇ ಭಾಗದಲ್ಲಿ ಹಾಕಿ ಬರುತ್ತದೆ. 1936ರ ಆಗಸ್ಟ್ 15ರ ಫೈನಲ್‌ನಲ್ಲಿ ಧ್ಯಾನ್‌ಚಂದ್ ನಾಯಕತ್ವದ ಭಾರತ ಜರ್ಮನಿಯನ್ನು 8-1ರಿಂದ ಸೋಲಿಸಿತು. ಆ ತಂಡದಲ್ಲಿ ಜಾಫರ್, ದಾರಾ, ಶಹಾಬುದ್ದೀನ್, ಮಸೂದ್ ಇದ್ದರು. ರೂಪ್‌ಸಿಂಗ್, ಟ್ಯಾಪ್ಸೆಲ್, ಅಲೆನ್ ಇದ್ದರು. ಮೈದಾನದಲ್ಲಿ ಹಾರಿದ್ದು ಬ್ರಿಟಿಷ್ ಇಂಡಿಯಾದ ಬಾವುಟ. ಆದರೆ ಆಟಕ್ಕೆ ಇಳಿಯುವ ಮೊದಲು ಡ್ರೆಸ್ಸಿಂಗ್ ರೂಮಿನಲ್ಲಿ ಪಂಕಜ್ ಗುಪ್ತಾ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜವನ್ನು ಹೊರತೆಗೆದರು, ಎಲ್ಲರೂ ಅದಕ್ಕೆ ಸೆಲ್ಯೂಟ್ ಮಾಡಿ ಹೊರಬಂದರು. ಇದನ್ನು ಬರೆದಿಟ್ಟವರು ಆ ತಂಡದ ಆಟಗಾರ ಎಂ.ಎನ್. ಮಸೂದ್. ಅವರು ಪುಸ್ತಕ ಬರೆಯದಿದ್ದರೆ ನಮ್ಮ ಪಾಲಿಗೆ ಉಳಿಯುತ್ತಿದ್ದದ್ದು ರೀಫನ್‌ಸ್ಟಾಲ್ ಕೊಟ್ಟ ತುಣುಕು ಮಾತ್ರ. ಧ್ಯಾನ್‌ಚಂದ್‌ರಿಗೆ ಹಿಟ್ಲರ್ ಜರ್ಮನ್ ಸೈನ್ಯದಲ್ಲಿ ದೊಡ್ಡ ಹುದ್ದೆ ಕೊಡುತ್ತೇನೆ ಎಂದ ಕಥೆ ಪ್ರತಿ ವರ್ಷ ವಾಟ್ಸಾಪ್‌ನಲ್ಲಿ ಬರುತ್ತದಲ್ಲ, ಅದಕ್ಕೆ ನಂಬುವಂಥ ದಾಖಲೆ ಇಲ್ಲ. ಮಸೂದ್ ಬರೆದದ್ದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಇದೆಲ್ಲ ಸರ್ವಾಧಿಕಾರಿಗಳ ಕಾಲದ್ದು, ನಮಗೇನು ಎನ್ನುವವರಿಗೆ 1982ರ ದಿಲ್ಲಿ ಏಷ್ಯನ್ ಗೇಮ್ಸ್ ನೆನಪು ಮಾಡುತ್ತೇನೆ. ಆ ವರ್ಷವೇ ನಮ್ಮಲ್ಲಿ ಬಣ್ಣದ ಟಿವಿ ಬಂತು. ಅಪ್ಪು ಎಂಬ ಆನೆಮರಿ, ಪಿ.ಟಿ. ಉಷಾಳ ಎರಡು ಬೆಳ್ಳಿ, ಪಾಕಿಸ್ತಾನದ ಎದುರು 7-1ರ ಹಾಕಿ ಸೋಲು. ನನ್ನ ವಯಸ್ಸಿನವರಿಗೆ ಎಲ್ಲ ಕಣ್ಣ ಮುಂದಿದೆ. ಆಗ ಟಾಕೀಸಿನಲ್ಲಿ ಮುಖ್ಯ ಸಿನಿಮಾಕ್ಕೆ ಮೊದಲು ಸರ್ಕಾರದ ಫಿಲ್ಮ್ಸ್ ಡಿವಿಜನ್ ಚಿತ್ರ ಹಾಕಲೇಬೇಕಿತ್ತು, ಹಾಗಾಗಿ ಟಿವಿ ಇಲ್ಲದವರೂ ದಿಲ್ಲಿಯ ಹೊಸ ಹೊಳಪು ನೋಡಿದರು. ಅದೇ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತ್ತು. ಕ್ರೀಡಾಂಗಣ, ಮೇಲ್ಸೇತುವೆ ಕಟ್ಟುತ್ತಿದ್ದ ಕೂಲಿಗಳ ಪರವಾಗಿ ಬಂದ ಒಂದು ಪತ್ರವನ್ನೇ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು ಅರ್ಜಿ ಎಂದು ಎತ್ತಿಕೊಂಡಿದ್ದರು. ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಅದರಲ್ಲಿ ಒಂದು ರೂಪಾಯಿ ಕೂಲಿಗಳನ್ನು ಊರಿನಿಂದ ಕರೆತಂದ ಜಮಾದಾರನ ಕಮಿಷನ್. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದೂ ಬಲವಂತದ ದುಡಿಮೆಯೇ ಎಂದು ಕೋರ್ಟ್ ಹೇಳಿತು. ಅಪ್ಪು ಎಲ್ಲರಿಗೂ ನೆನಪಿದ್ದಾನೆ. ಆ ಒಂದು ರೂಪಾಯಿ ಯಾರಿಗೂ ನೆನಪಿಲ್ಲ. ನಮ್ಮದು ಪ್ರಜಾಪ್ರಭುತ್ವವಾದ್ದರಿಂದ ಕೋರ್ಟಿಗೆ ಪತ್ರ ಬರೆಯಲು ಸಾಧ್ಯವಾಯಿತು, ಇದು ಸಣ್ಣ ವ್ಯತ್ಯಾಸವಲ್ಲ. ಆದರೆ ಆ ರೂಪಾಯಿ ಚಿತ್ರದೊಳಗೆ ಬರಲಿಲ್ಲ ಎಂಬುದೂ ಸಣ್ಣದಲ್ಲ.

ಈಗ ನಮ್ಮವರಿಗೆ ಕಷ್ಟವಾಗುವ ಮಾತಿಗೆ ಬರುತ್ತೇನೆ. 2022ರ ನವೆಂಬರ್ 20ರಂದು ಕತಾರ್ ವಿಶ್ವಕಪ್ ಉದ್ಘಾಟನೆಯಲ್ಲಿ ಗಾನಿಮ್ ಅಲ್ ಮುಫ್ತಾ ಎಂಬ ಯುವಕ ಸೂರಾ ಹುಜುರಾತ್‌ನ ಆಯತ್ ಓದಿದಾಗ ನಮ್ಮಲ್ಲಿ ಕಣ್ಣು ಒದ್ದೆಯಾಗದ ಮನೆ ಇರಲಿಕ್ಕಿಲ್ಲ. ನನ್ನದೂ ಆಗಿತ್ತು. ಯುರೋಪಿನ ಚಾನೆಲ್‌ಗಳು ಆಗ ಹೇಳಿದ್ದರಲ್ಲಿ ಎಷ್ಟೋ ಪಕ್ಷಪಾತ ಇತ್ತು. ನಾಲ್ಕು ವರ್ಷ ಮೊದಲು ರಷ್ಯಾದಲ್ಲಿ ವಿಶ್ವಕಪ್ ನಡೆದಾಗ ಅವರ ನೈತಿಕತೆಗೆ ಇಷ್ಟು ಜೋರಾದ ಧ್ವನಿ ಇರಲಿಲ್ಲ. ಕತಾರನ್ನು ಹಿಟ್ಲರನ ಜರ್ಮನಿಯ ಪಕ್ಕ ನಿಲ್ಲಿಸುವುದು ಅನ್ಯಾಯ, ಬುದ್ಧಿಗೇಡಿತನ. ನಮ್ಮ ಎಷ್ಟು ಮನೆಗಳ ಒಲೆ ಉರಿಯುವುದು ಆ ದೇಶಗಳ ಸಂಬಳದಿಂದ ಎಂಬುದನ್ನು ಮರೆತು ಮಾತಾಡುವವನು ನಾನಲ್ಲ.

ಆದರೂ ಕೇಳಬೇಕಾದ್ದನ್ನು ಕೇಳಬೇಕು. ಕತಾರ್‌ಗೆ ವಿಶ್ವಕಪ್ ಸಿಕ್ಕಿದ್ದು 2010ರ ಡಿಸೆಂಬರ್‌ನಲ್ಲಿ. ನಂತರದ ಹತ್ತು ವರ್ಷದಲ್ಲಿ ಭಾರತ, ನೇಪಾಳ, ಬಾಂಗ್ಲಾ, ಪಾಕಿಸ್ತಾನ, ಶ್ರೀಲಂಕಾದಿಂದ ಅಲ್ಲಿ ಹೋಗಿ ಸತ್ತವರು 6,500ಕ್ಕೂ ಹೆಚ್ಚು ಎಂದು ಬ್ರಿಟನ್ನಿನ 'ಗಾರ್ಡಿಯನ್' ಲೆಕ್ಕ ಕೊಟ್ಟಿತು. ಅದರಲ್ಲಿ ಎಲ್ಲ ಬಗೆಯ ಸಾವುಗಳೂ ಸೇರಿವೆ, ಸ್ಟೇಡಿಯಂ ಕೆಲಸದವರದು ಮಾತ್ರವಲ್ಲ, ಹಾಗಾಗಿ ಆ ಸಂಖ್ಯೆಯನ್ನು ಬಳಸಿದ ರೀತಿ ತಪ್ಪು ಎಂಬ ವಾದಕ್ಕೆ ಹುರುಳಿದೆ. ಆದರೆ ಸಂಘಟನಾ ಸಮಿತಿಯ ಮುಖ್ಯಸ್ಥ ಹಸನ್ ಅಲ್ ತವಾದಿ ಅವರೇ 2022ರ ನವೆಂಬರ್‌ನಲ್ಲಿ, ವಿಶ್ವಕಪ್‌ಗೆ ಸಂಬಂಧಿಸಿದ ಕೆಲಸಗಳಲ್ಲಿ ಸತ್ತವರು 400ರಿಂದ 500 ಇರಬಹುದು ಎಂದರು. ಅಷ್ಟು ಜನರಲ್ಲಿ ಒಬ್ಬನ ಹೆಸರು ನಿಮಗೆ ಗೊತ್ತೇ? ಕತಾರ್ ಕಾನೂನು ಬದಲಿಸಿದ್ದೂ ನಿಜ. 2020ರಲ್ಲಿ ಕೆಲಸ ಬದಲಿಸಲು ಮಾಲೀಕನ ಒಪ್ಪಿಗೆ ಬೇಕಿಲ್ಲ ಎಂದಾಯಿತು, 2021ರಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ಸಂಬಳ ಬಂತು, ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನ ಕೆಲಸ ನಿಂತಿತು. ಯಾರೋ ಹೊರಗಿನವರು ಹೋಗಿ ಕ್ಯಾಮೆರಾ ಹಿಡಿದು ಕೇಳಿದ್ದರಿಂದ ಆದ ಬದಲಾವಣೆ ಇದು. ನಮ್ಮ ಹುಡುಗರು ತೆಗೆದ ಚೆಂದದ ಡ್ರೋನ್ ಶಾಟ್‌ಗಳಿಂದ ಆದದ್ದಲ್ಲ.

ಮಣ್ಣು ತೋಡಿ ಬಂದ ಮಡಕಶಿರದ ಆ ಮನುಷ್ಯನನ್ನು ಆಮೇಲೆ ಭೇಟಿಯಾದೆ. ಫೋನಿನಲ್ಲಿ ಕತಾರ್‌ನ ಫೋಟೊಗಳಿವೆಯೇ ಎಂದು ಕೇಳಿದೆ. ಇದ್ದವು: ಒಂದು ಮಾಲ್, ಸಮುದ್ರ ದಂಡೆಯ ರಸ್ತೆ, ಈದ್ ದಿನದ ಬಿರಿಯಾನಿ, ರಾತ್ರಿ ದೀಪ ಹಾಕಿದ ಸ್ಟೇಡಿಯಂ ಹೊರಗಿನಿಂದ. ಕೆಲಸದ ಜಾಗದ್ದು ಒಂದೂ ಇಲ್ಲ. ಕ್ಯಾಂಪಿನ ಕೋಣೆಯದೂ ಇಲ್ಲ. "ಮನೆಗೆ ಕಳ್ಸೋದಲ್ವಾ, ಅದನ್ನೆಲ್ಲ ಯಾಕೆ ತೆಗೀಲಿ" ಅಂದರು. ಇದು ಕೇಳಿ ನನಗೆ ನಮ್ಮ ಊರಿನ ಎಷ್ಟೋ ಹಿರಿಯರು ನೆನಪಾದರು. ಬಾಂಬೆಯಿಂದ ಹಡಗು ಹತ್ತಿ ಹೋದ ಕಾಲದಿಂದಲೂ ನಾವು ಮನೆಗೆ ಕಳಿಸಿದ್ದು ಅತ್ತರು, ಕಂಬಳಿ, ಟೇಪ್‌ರೆಕಾರ್ಡರು, ನಗುವ ಫೋಟೊ. ಉಮ್ಮನಿಗೆ ಗೊತ್ತಾಗಬಾರದ ಭಾಗವನ್ನು ನಾವೇ ಕತ್ತರಿಸಿದೆವು. ಅದರಲ್ಲಿ ಪ್ರೀತಿ ಇತ್ತು, ಅಡ್ಡಿಯಿಲ್ಲ. ಆದರೆ ಕಂಪನಿಯ ಸಿನಿಮಾ ಬಿಟ್ಟದ್ದನ್ನು ನಾವೂ ಬಿಟ್ಟರೆ ಆ ನಾಲ್ಕು ವರ್ಷ ಎಲ್ಲಿಯೂ ಉಳಿಯುವುದಿಲ್ಲ.

ಬ್ಯಾರಿಗಳಿಗೆ ಈ ಪ್ರಶ್ನೆ ಕೇಳಲು ಬರುವುದಿಲ್ಲ ಎಂದಲ್ಲ. ನಮ್ಮ ಭಾಷೆಯ ಮೊದಲ ಸಿನಿಮಾ 'ಬ್ಯಾರಿ'ಗೆ ರಾಷ್ಟ್ರಪ್ರಶಸ್ತಿ ಬಂದಾಗ ಹೆಮ್ಮೆಪಟ್ಟದ್ದರ ಜೊತೆಗೇ, ಇದು ಯಾರು ಹೇಳುತ್ತಿರುವ ಕಥೆ, ನಮ್ಮ ಬದುಕಿನ ಯಾವ ಭಾಗ ತೋರಿಸಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಎಂದು ಚಹಾ ಅಂಗಡಿಯಲ್ಲೂ ಚರ್ಚೆ ನಡೆದಿತ್ತು. ನಮ್ಮನ್ನು ತೋರಿಸಿದಾಗ ಕೇಳಲು ಗೊತ್ತಿದೆ. ನಾವೇ ಇನ್ನೊಬ್ಬರನ್ನು ತೋರಿಸುವ ಜಾಗಕ್ಕೆ ಬಂದಾಗ ಮರೆತುಹೋಗುತ್ತದೆ.

ಹಾಗಂತ ಕೆಲಸ ಬಿಟ್ಟು ಬನ್ನಿ ಎಂದು ಯಾವ ಹುಡುಗನಿಗೂ ಹೇಳಲಾರೆ. ಅವನ ಮೇಲೆ ತಂಗಿಯ ಮದುವೆ ಇರುತ್ತದೆ, ಮನೆ ಸಾಲ ಇರುತ್ತದೆ. ಕೊಟ್ಟವನ ಚಿತ್ರವನ್ನು ಚೆನ್ನಾಗಿಯೇ ತೆಗೆಯಲಿ. ಆದರೆ ಅದನ್ನು ಸಾಕ್ಷ್ಯಚಿತ್ರ ಎಂದು ಕರೆಯದಿರಲಿ. ಜಾಹೀರಾತಿಗೆ ಜಾಹೀರಾತು ಎಂದೇ ಹೇಳಲಿ. ತನ್ನದೇ ಕ್ಯಾಮೆರಾ, ತನ್ನದೇ ರಜೆಯ ದಿನಗಳು ಇದ್ದಾಗ ಬೇರೆ ಚಿತ್ರ ತೆಗೆಯಲಿ. ಸರ್ಕಾರದ ದುಡ್ಡಿನಲ್ಲೂ ಬೇರೆ ಬಗೆಯಲ್ಲಿ ತೆಗೆದವರಿದ್ದಾರೆ. 1964ರ ಟೋಕಿಯೊ ಒಲಿಂಪಿಕ್ಸ್‌ನ ಅಧಿಕೃತ ಚಿತ್ರ ಮಾಡಿದ ಕೊನ್ ಇಚಿಕಾವಾ, ಪದಕ ಗೆಲ್ಲದ ಒಬ್ಬ ಓಟಗಾರನ ಹಿಂದೆ ಬಹಳ ಹೊತ್ತು ಹೋಗುತ್ತಾನೆ. ಹೊಸದಾಗಿ ಸ್ವಾತಂತ್ರ್ಯ ಪಡೆದ ಆಫ್ರಿಕಾದ ಚಾಡ್ ದೇಶದ ಅಹ್ಮದ್ ಈಸಾ. ಗೊತ್ತಿಲ್ಲದ ಊರಿನಲ್ಲಿ ಒಬ್ಬನೇ ಕುಳಿತು ಊಟ ಮಾಡುತ್ತಾನೆ, 800 ಮೀಟರ್ ಓಡುತ್ತಾನೆ, ಸೋಲುತ್ತಾನೆ. ಜಪಾನಿನ ಮಂತ್ರಿಗೆ ಆ ಚಿತ್ರ ಹಿಡಿಸಲಿಲ್ಲ, ದೇಶದ ಸಾಧನೆ ಕಾಣುವುದಿಲ್ಲ ಎಂದು ಸಿಟ್ಟಾದ. ಮೊದಲ ಸಲ ದಮ್ಮಾಮ್ ಮೆಸ್ಸಿನಲ್ಲಿ ತಟ್ಟೆ ಹಿಡಿದು ಒಬ್ಬರೇ ಕುಳಿತವರು ಆ ಊಟದ ದೃಶ್ಯ ನೋಡಿ, ಆಮೇಲೆ ನನಗೆ ಫೋನ್ ಮಾಡಿ.

ನಮ್ಮ ಸಂಘಟನೆಗಳು ಮಂಗಳೂರಿನಲ್ಲೂ ಗಲ್ಫಿನಲ್ಲೂ ಆಗಾಗ ಕಿರುಚಿತ್ರ ಸ್ಪರ್ಧೆ ನಡೆಸುತ್ತವೆ. ಸ್ವಚ್ಛತೆ, ವ್ಯಸನಮುಕ್ತಿ, ಶಿಕ್ಷಣ ಎಂಬ ವಿಷಯಗಳಿಗೆ ಬಹುಮಾನ ಕೊಟ್ಟಾಯಿತು. ಈ ಸಲ ಸ್ಟೇಡಿಯಂ ಕಟ್ಟಿದವರ ಮೇಲೆ ಚಿತ್ರ ಕರೆಯಿರಿ, ಬ್ಯಾರಿ ಭಾಷೆಯಲ್ಲೇ ಆಗಲಿ, ಕನ್ನಡದಲ್ಲೇ ಆಗಲಿ. ತೀರ್ಪುಗಾರರ ಕುರ್ಚಿಯಲ್ಲಿ ಸಿನಿಮಾದವರ ಪಕ್ಕ ಅಲ್ಲಿ ದುಡಿದು ಬಂದ ಇಬ್ಬರನ್ನು ಕೂರಿಸಿ. ಸಿಗದಿದ್ದರೆ ರಾಯದುರ್ಗದಿಂದ ಒಬ್ಬರನ್ನು, ಮಡಕಶಿರದಿಂದ ಒಬ್ಬರನ್ನು ನಾನು ಕಳಿಸಿಕೊಡುತ್ತೇನೆ. ಬಸ್ ಚಾರ್ಜ್ ನನ್ನದು.